ರ‍್ಯಾಮ್ ಮೊದಲೋ, ಗ್ರಾಫಿಕ್ಸ್ ಕಾರ್ಡ್ ಮೊದಲೋ? ಹಳೆಯ ಗೇಮಿಂಗ್ ಕಂಪ್ಯೂಟರಿಗೆ ದುಡ್ಡು ಹಾಕುವ ಮುನ್ನ

ಬೆಂಗಳೂರಿನ ಕಂಪನಿಗಳು ಕೆಲವು ವರ್ಷಗಳಿಗೊಮ್ಮೆ ತಮ್ಮ ಡೆಸ್ಕ್‌ಟಾಪ್‌ಗಳನ್ನು ಸಾಗಹಾಕುತ್ತವೆ. ಅವೇ ಪೆಟ್ಟಿಗೆಗಳು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಧೂಳು ಒರೆಸಿಕೊಂಡು, ‘ರಿಫರ್ಬಿಶ್ಡ್’ ಎಂಬ ಚೀಟಿ ಅಂಟಿಸಿಕೊಂಡು ಮತ್ತೆ ಮಾರಾಟಕ್ಕೆ ನಿಲ್ಲುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್. ಒಳಗೆ ಇಂಟೆಲ್‌ನ ನಾಲ್ಕನೆಯ ಅಥವಾ ಆರನೆಯ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್. ಇದನ್ನು ಕೊಂಡು, ಎನ್‌ವಿಡಿಯಾದ ಜಿಟಿಎಕ್ಸ್ 750 ಟಿಐ ಅಥವಾ 1050 ಟಿಐ ಗ್ರಾಫಿಕ್ಸ್ ಕಾರ್ಡೊಂದನ್ನು ಸಿಕ್ಕಿಸಿ ಆಟ ಆಡುತ್ತಿರುವವರು ನಮ್ಮಲ್ಲಿ ಬಹಳ. ಸ್ವಲ್ಪ ಕಾಲ ಎಲ್ಲವೂ ಚೆನ್ನಾಗಿರುತ್ತದೆ. ಆಮೇಲೆ ಹೊಸ ಆಟವೊಂದು ಬರುತ್ತದೆ, ಪರದೆ ತಡವರಿಸಲು ಶುರುವಾಗುತ್ತದೆ. ಕೈಯಲ್ಲಿರುವ ದುಡ್ಡು ಒಂದಕ್ಕೆ ಸಾಕು, ಎರಡಕ್ಕೆ ಸಾಲದು. ಅಂಗಡಿಯವರು ‘16 ಜಿಬಿ ಮಾಡಿಸಿಬಿಡಿ ಸರ್’ ಎನ್ನುತ್ತಾರೆ. ಗೆಳೆಯರು ‘ಕಾರ್ಡ್ ಬದಲಾಯಿಸದೆ ಏನೂ ಆಗುವುದಿಲ್ಲ’ ಎನ್ನುತ್ತಾರೆ.

ಇಬ್ಬರ ಮಾತನ್ನೂ ಬದಿಗಿಟ್ಟು ಒಂದು ಸಂಜೆ ಯಂತ್ರವನ್ನೇ ಕೇಳಿ. ಅದು ಸುಳ್ಳು ಹೇಳುವುದಿಲ್ಲ, ಕಮಿಷನ್ನೂ ಇಟ್ಟುಕೊಳ್ಳುವುದಿಲ್ಲ.

ತೊಂದರೆಯ ಸ್ವಭಾವವನ್ನು ಗುರುತಿಸಿ

‘ಲ್ಯಾಗ್ ಆಗುತ್ತಿದೆ’ ಎಂಬ ಒಂದೇ ಮಾತಿನಲ್ಲಿ ನಾವು ಮೂರ್ನಾಲ್ಕು ಬೇರೆ ಬೇರೆ ಕಾಯಿಲೆಗಳನ್ನು ಹೇಳುತ್ತೇವೆ. ಸೆಕೆಂಡಿಗೆ 60 ಚೌಕಟ್ಟು, ಅಂದರೆ 60 ಫ್ರೇಮ್ ಬೇಕೆಂದರೆ ಪ್ರತಿ ಫ್ರೇಮಿಗೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್. ಗ್ರಾಫಿಕ್ಸ್ ಕಾರ್ಡಿನ ಶಕ್ತಿ ಸಾಲದಿದ್ದರೆ ಪ್ರತಿಯೊಂದು ಫ್ರೇಮೂ ತಡವಾಗುತ್ತದೆ. ಆಟ ಉದ್ದಕ್ಕೂ ಒಂದೇ ಸಮನೆ ನಿಧಾನ. ನೆಲ ನೋಡಿದರೆ ತುಸು ವೇಗ, ಹೊಗೆ, ಬೆಂಕಿ, ನೆರಳು ತುಂಬಿದ ಕಡೆ ಇನ್ನಷ್ಟು ನಿಧಾನ.

ರ‍್ಯಾಮ್ ಸಾಲದಿದ್ದರೆ ಚಿತ್ರ ಬೇರೆ. ಆಟ ಚೆನ್ನಾಗಿಯೇ ಓಡುತ್ತಿರುತ್ತದೆ, ಇದ್ದಕ್ಕಿದ್ದಂತೆ ಅರ್ಧ ಸೆಕೆಂಡು ನಿಂತುಬಿಡುತ್ತದೆ, ಮತ್ತೆ ಓಡುತ್ತದೆ. ವಿಂಡೋಸ್ ಆಗ ರ‍್ಯಾಮಿನಲ್ಲಿ ಜಾಗ ಸಾಲದೆ ಕೆಲವು ಪುಟಗಳನ್ನು ಡಿಸ್ಕಿನ ಪೇಜ್ ಫೈಲಿಗೆ ಬರೆದಿಟ್ಟು, ಬೇಕಾದಾಗ ಓದಿ ತರುತ್ತಿರುತ್ತದೆ. ಡಿಸ್ಕು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಈ ಮುಗ್ಗರಿಕೆ ಕಣ್ಣಿಗೆ ಹೊಡೆಯುತ್ತದೆ. ಕ್ಯಾಬಿನೆಟ್ಟಿನ ಮುಂದಿನ ಡಿಸ್ಕ್ ದೀಪ ಆರದೆ ಉರಿಯುತ್ತಿರುತ್ತದೆ. ಆಟದಿಂದ ಆಲ್ಟ್–ಟ್ಯಾಬ್ ಒತ್ತಿ ಬ್ರೌಸರಿಗೆ ಹೋಗಿ ಬರಲು ಹತ್ತು ಸೆಕೆಂಡು ಹಿಡಿದರೆ ಅದೂ ಇದೇ ಲಕ್ಷಣ.

ಜನ ಹೆಚ್ಚು ಮೋಸಹೋಗುವುದು ಮೂರನೆಯದರಲ್ಲಿ. ಕಾರ್ಡಿನ ಮೇಲೆಯೇ ಕೂತಿರುವ ವಿಡಿಯೊ ಮೆಮೊರಿ, ಅಂದರೆ ವಿ-ರ‍್ಯಾಮ್, ಸಾಲದಿರುವುದು. 750 ಟಿಐಯಲ್ಲಿ ಸಾಮಾನ್ಯವಾಗಿ 2 ಜಿಬಿ, 1050 ಟಿಐಯಲ್ಲಿ 4 ಜಿಬಿ ಇರುತ್ತದೆ. ಆಟದ ಟೆಕ್ಸ್ಚರ್‌ಗಳು, ಅಂದರೆ ಗೋಡೆ, ರಸ್ತೆ, ಬಟ್ಟೆಗಳ ಮೇಲ್ಮೈ ಚಿತ್ರಗಳು, ಅಷ್ಟರಲ್ಲಿ ಹಿಡಿಯದಿದ್ದರೆ ಮಿಕ್ಕವು ಮದರ್‌ಬೋರ್ಡಿನ ರ‍್ಯಾಮಿಗೆ ಉಕ್ಕಿ ಹರಿಯುತ್ತವೆ. ಜಿಟಿಎಕ್ಸ್ 1650ರ ಜಿಡಿಡಿಆರ್5 ಆವೃತ್ತಿ ತನ್ನ ಸ್ವಂತ ಮೆಮೊರಿಯನ್ನು ಸೆಕೆಂಡಿಗೆ 128 ಜಿಬಿ ವೇಗದಲ್ಲಿ ಓದುತ್ತದೆ, ಮದರ್‌ಬೋರ್ಡಿನಲ್ಲಿ ಕಾರ್ಡು ಕೂರುವ ಪಿಸಿಐಇ 3.0 ಸ್ಲಾಟಿನ ಮೂಲಕ ರ‍್ಯಾಮಿನಿಂದ ತರಿಸಿಕೊಳ್ಳಬೇಕೆಂದರೆ ಸಿಗುವುದು ಹೆಚ್ಚೆಂದರೆ 16 ಜಿಬಿ. ಪರಿಣಾಮ ಮುಗ್ಗರಿಕೆಯೇ. ನೋಡುವವರಿಗೆ ಇದು ರ‍್ಯಾಮ್ ಕೊರತೆಯ ತದ್ರೂಪ. ರ‍್ಯಾಮ್ ಹೆಚ್ಚಿಸಿದರೆ ಒಂದಿಷ್ಟು ಸುಧಾರಿಸಿದಂತೆಯೂ ಕಾಣಬಹುದು, ಏಕೆಂದರೆ ಉಕ್ಕಿದ್ದು ಡಿಸ್ಕಿನವರೆಗೆ ಹೋಗದೆ ರ‍್ಯಾಮಿನಲ್ಲೇ ನಿಲ್ಲುತ್ತದೆ. ಆದರೆ ರೋಗ ಕಾರ್ಡಿನಲ್ಲಿದೆ, ಔಷಧ ಹೋದದ್ದು ಬೇರೆ ಕಡೆಗೆ.

ಅಳತೆ: ಒಂದು ಸಂಜೆಯ ಕೆಲಸ

ಮೊದಲು ವಿ-ಸಿಂಕ್ (ಫ್ರೇಮುಗಳನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಆಟದೊಳಗಿನ ಫ್ರೇಮ್ ಮಿತಿಯನ್ನು ತೆಗೆಯಿರಿ. ಅವು ಇದ್ದರೆ ಕಾರ್ಡು 60ಕ್ಕೆ ನಿಂತು ವಿಶ್ರಾಂತಿ ಪಡೆಯುತ್ತಿರುತ್ತದೆ, ನಿಮಗೆ ಸಿಗುವ ಅಂಕಿ ಯಾವುದಕ್ಕೂ ಬಾರದು. ಆಮೇಲೆ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶವನ್ನೂ ಅದರ ಜೊತೆಗೇ ಬರುವ ರಿವಾಟ್ಯೂನರ್ ಅನ್ನೂ ಹಾಕಿಕೊಳ್ಳಿ. ಆಟದ ಮೇಲೆ ಪರದೆಯ ಮೂಲೆಯಲ್ಲಿ ಕಾಣಬೇಕಾದ ಅಂಕಿಗಳು ಇವು: ಕಾರ್ಡಿನ ಬಳಕೆ, ವಿ-ರ‍್ಯಾಮ್ ಬಳಕೆ, ಪ್ರೊಸೆಸರಿನ ಪ್ರತಿಯೊಂದು ಕೋರಿನ (ಲೆಕ್ಕ ಮಾಡುವ ಘಟಕದ) ಬಳಕೆ, ರ‍್ಯಾಮ್ ಬಳಕೆ, ಫ್ರೇಮ್ ಟೈಮ್, ಅಂದರೆ ಒಂದೊಂದು ಫ್ರೇಮಿಗೆ ಹಿಡಿದ ಕಾಲ. ಕೊನೆಯದನ್ನು ಗೆರೆಚಿತ್ರವಾಗಿ ಇಟ್ಟುಕೊಳ್ಳಿ. ಸರಾಸರಿ ಫ್ರೇಮ್ ಸಂಖ್ಯೆಗಿಂತ ಈ ಗೆರೆಯೇ ಹೆಚ್ಚು ಮಾತಾಡುತ್ತದೆ.

ನಿಮಗೆ ತೊಂದರೆ ಕೊಡುವ ಆಟವನ್ನೇ ಅರ್ಧ ಗಂಟೆ ಆಡಿ. ಐದು ನಿಮಿಷ ಸಾಲದು, ಮೆಮೊರಿ ತುಂಬಲು ಸಮಯ ಬೇಕು. ದಿನನಿತ್ಯ ಹಿಂದೆ ತೆರೆದಿಡುವ ಬ್ರೌಸರ್, ಡಿಸ್ಕಾರ್ಡ್ ಎಲ್ಲವೂ ತೆರೆದೇ ಇರಲಿ. ಪರೀಕ್ಷೆಗೆಂದು ಎಲ್ಲವನ್ನೂ ಮುಚ್ಚಿ ಕೂತರೆ ನಿಮ್ಮ ನಿಜವಾದ ಬಳಕೆ ಅಳತೆಗೆ ಸಿಗುವುದಿಲ್ಲ.

ಆಟ ಓಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ‘ಪರ್ಫಾರ್ಮೆನ್ಸ್’ ಪುಟದಲ್ಲಿ ‘ಮೆಮೊರಿ’ ನೋಡಿ. ಅಲ್ಲಿ ‘ಕಮಿಟೆಡ್’ ಎಂಬ ಸಾಲಿನಲ್ಲಿ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಎಲ್ಲ ಪ್ರೋಗ್ರಾಮುಗಳು ಸೇರಿ ಕೇಳಿರುವ ಒಟ್ಟು ಮೆಮೊರಿ. 8 ಜಿಬಿ ಇರುವ ಯಂತ್ರದಲ್ಲಿ ಅದು 12 ಅಥವಾ 13 ಜಿಬಿ ತೋರಿಸಿ, ಡಿಸ್ಕ್ ಬಳಕೆಯೂ ಆಗಾಗ ಶೇಕಡ 100ಕ್ಕೆ ಜಿಗಿಯುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ ಎಂದೇ ಅರ್ಥ. ಬರೀ ‘ಬಳಕೆ 85 ಶೇಕಡ’ ಎಂಬುದನ್ನು ನೋಡಿ ಗಾಬರಿಯಾಗಬೇಡಿ. ವಿಂಡೋಸ್ ಇರುವ ರ‍್ಯಾಮನ್ನು ಖಾಲಿ ಬಿಡುವ ಜಾಯಮಾನದ್ದಲ್ಲ. ಅದೇ ಪುಟದಲ್ಲಿ ‘ಜಿಪಿಯು’ ಒತ್ತಿದರೆ ‘ಡೆಡಿಕೇಟೆಡ್’ ಮತ್ತು ‘ಶೇರ್ಡ್’ ಮೆಮೊರಿ ಬೇರೆ ಬೇರೆಯಾಗಿ ಕಾಣುತ್ತದೆ. ಮೊದಲನೆಯದು ಅಂಚಿಗೆ ಮುಟ್ಟಿ, ಎರಡನೆಯದು ಮೇಲಕ್ಕೆ ಏರುತ್ತಾ ಹೋದರೆ ವಿ-ರ‍್ಯಾಮ್ ಉಕ್ಕುತ್ತಿದೆ. ಮೇಲೆ ಹೇಳಿದ ಮೂರನೆಯ ಕಾಯಿಲೆ ಸಿಕ್ಕಿಬೀಳುವುದು ಇಲ್ಲೇ.

ಈಗ ಎರಡು ಸಣ್ಣ ಪ್ರಯೋಗ. ಆಟದ ರೆಸಲ್ಯೂಷನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿ. ಕಾರ್ಡು ಬಿಡಿಸಬೇಕಾದ ಚುಕ್ಕೆಗಳು 20 ಲಕ್ಷದ ಮೇಲಿದ್ದದ್ದು 9.2 ಲಕ್ಷಕ್ಕೆ ಇಳಿಯುತ್ತವೆ, ಅರ್ಧಕ್ಕಿಂತ ಕಡಿಮೆ. ಫ್ರೇಮ್ ಸಂಖ್ಯೆ ಧಾರಾಳವಾಗಿ ಏರಿದರೆ ಕಾರ್ಡೇ ಅಡ್ಡಿ. ಏನೂ ಏರದಿದ್ದರೆ ಹೊಸ ಕಾರ್ಡು ತಂದರೂ ಏರುವುದಿಲ್ಲ. ದೋಷ ಪ್ರೊಸೆಸರಿನದೋ ರ‍್ಯಾಮಿನದೋ ಇರಬೇಕು. ಎರಡನೆಯದು: ರೆಸಲ್ಯೂಷನ್ ಹಿಂದಿನಂತೆಯೇ ಇಟ್ಟು ಟೆಕ್ಸ್ಚರ್ ಗುಣಮಟ್ಟವನ್ನು ಮಾತ್ರ ಕೆಳಗಿಳಿಸಿ, ಆಟವನ್ನು ಮುಚ್ಚಿ ತೆರೆಯಿರಿ. ಮುಗ್ಗರಿಕೆ ಮಾಯವಾದರೆ ವಿ-ರ‍್ಯಾಮ್ ಕೊರತೆ ಖಚಿತ. ಆ ಸೆಟ್ಟಿಂಗಿನಲ್ಲೇ ನಿಮಗೆ ತೃಪ್ತಿಯಾದರೆ ಖರ್ಚೇ ಇಲ್ಲದೆ ಕೆಲಸ ಮುಗಿಯಿತು.

ಒಂದು ಉದಾಹರಣೆ. ಐ5-4590, 8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ, 1050 ಟಿಐ ಇರುವ ಯಂತ್ರ ಎಂದುಕೊಳ್ಳಿ. ಕಾರ್ಡಿನ ಬಳಕೆ ಶೇಕಡ 98–99ರಲ್ಲಿ ಕುಳಿತಿದೆ, ಫ್ರೇಮ್ ಟೈಮ್ ಗೆರೆ 25 ಮಿಲಿಸೆಕೆಂಡಿನ ಹತ್ತಿರ ನೇರವಾಗಿದೆ: ಕಾರ್ಡ್ ಬದಲಾಯಿಸಿ. ಕಾರ್ಡ್ 60ರಿಂದ 95ರ ನಡುವೆ ಓಲಾಡುತ್ತಿದೆ, ಗೆರೆ ಸಾಮಾನ್ಯವಾಗಿ 15ರಲ್ಲಿದ್ದು ಆಗಾಗ 150ಕ್ಕೆ ಮೊಳೆಯಂತೆ ಏಳುತ್ತಿದೆ, ‘ಕಮಿಟೆಡ್’ 12 ದಾಟಿದೆ: ರ‍್ಯಾಮ್ ಹಾಕಿಸಿ. ಕಾರ್ಡ್ 60ರಲ್ಲೇ ಇದೆ, ನಾಲ್ಕೂ ಕೋರುಗಳು 95ರ ಮೇಲಿವೆ: ಎರಡನ್ನೂ ಕೊಳ್ಳಬೇಡಿ, ಮುಂದೆ ಓದಿ.

ರ‍್ಯಾಮ್ ಎಂದು ತೀರ್ಮಾನವಾದರೆ

ಈಗಿನ ದೊಡ್ಡ ಆಟಗಳಿಗೆ 8 ಜಿಬಿ ಸಾಲದು. ‘ಎಲ್ಡನ್ ರಿಂಗ್’, ‘ಸೈಬರ್‌ಪಂಕ್ 2077’ ಎರಡೂ ಕನಿಷ್ಠ ಬೇಡಿಕೆಯಾಗಿಯೇ 12 ಜಿಬಿ ಕೇಳುತ್ತವೆ. ‘ಕೌಂಟರ್ ಸ್ಟ್ರೈಕ್ 2’ 8ರಲ್ಲಿ ನಡೆಯುತ್ತದೆ. ಮಾಡ್‌ಗಳನ್ನು (ಆಟಗಾರರೇ ಮಾಡಿದ ಸೇರ್ಪಡೆಗಳನ್ನು) ಪೇರಿಸಿದ ‘ಸಿಟೀಸ್: ಸ್ಕೈಲೈನ್ಸ್’ ಅಥವಾ ‘ಮೈನ್‌ಕ್ರಾಫ್ಟ್’ ಆಡುವವರಿಗೆ ರ‍್ಯಾಮ್ ಎಷ್ಟಿದ್ದರೂ ಕಡಿಮೆಯೇ. ಮಿಕ್ಕವರಿಗೆ ಇಂಥ ಯಂತ್ರದಲ್ಲಿ 16 ಜಿಬಿ ಸಾಕು. 32 ಮಾಡಿಸಿ ಎನ್ನುವವರ ಮಾತು ಕೇಳಬೇಡಿ. ಆ ದುಡ್ಡು ಕಾರ್ಡಿಗಿರಲಿ.

‘ಮೆಮೊರಿ’ ಪುಟದಲ್ಲೇ ‘ಸ್ಲಾಟ್ಸ್ ಯೂಸ್ಡ್’ ಎಂಬ ಸಾಲಿದೆ. ಅಲ್ಲಿ ಒಂದೇ ಕಡ್ಡಿ ಇದೆ ಎಂದು ತೋರಿಸಿದರೆ ನೀವು ಅದೃಷ್ಟವಂತರು: ಅಷ್ಟೇ ಗಾತ್ರದ ಇನ್ನೊಂದು ಕಡ್ಡಿ ಹಾಕಿದರೆ ಜಾಗವೂ ಇಮ್ಮಡಿ, ವೇಗವೂ ಇಮ್ಮಡಿ. ಡಿಡಿಆರ್3 ಎಂಬ ಹಳೆಯ ಬಗೆಯ ರ‍್ಯಾಮಿನಲ್ಲಿ 1600 ಎಂದು ಬರೆದ ಒಂದು ಕಡ್ಡಿ ಸೆಕೆಂಡಿಗೆ 12.8 ಜಿಬಿ ಸಾಗಿಸಿದರೆ ಎರಡು ಸೇರಿ ಡ್ಯುಯಲ್ ಚಾನೆಲ್‌ನಲ್ಲಿ 25.6 ಜಿಬಿ. ಪ್ರತ್ಯೇಕ ಕಾರ್ಡ್ ಇಲ್ಲದೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸಿನಲ್ಲೇ ಆಡುವವರಿಗೆ, ಉದಾಹರಣೆಗೆ ರೈಜನ್ 3 3200ಜಿ ಇದ್ದವರಿಗೆ, ಎರಡನೆಯ ಕಡ್ಡಿಯೇ ಅತಿ ದೊಡ್ಡ ಅಪ್‌ಗ್ರೇಡ್. ಆ ಗ್ರಾಫಿಕ್ಸ್ ಉಣ್ಣುವುದೇ ರ‍್ಯಾಮಿನ ತಟ್ಟೆಯಿಂದ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಜೋಡಿಗಳಿಗೆ ಒಂದೇ ಬಣ್ಣ ಅಥವಾ ಒಂದೇ ಗುರುತು ಇರುತ್ತದೆ. ಹಾಕಿದ ಮೇಲೆ ಸಿಪಿಯು-ಝಡ್ ಎಂಬ ತಂತ್ರಾಂಶ ತೆರೆದು ಚಾನೆಲ್ ‘ಡ್ಯುಯಲ್’ ಎಂದಿದೆಯೇ ನೋಡಿ.

ಕೊಳ್ಳುವಾಗ ಎಚ್ಚರವಿರಬೇಕಾದ ವಿಷಯಗಳಿವೆ. ಇಂಟೆಲ್ ನಾಲ್ಕನೆಯ ತಲೆಮಾರಿಗೆ ಬೇಕಾದದ್ದು 240 ಪಿನ್ನಿನ ಡಿಡಿಆರ್3. ಆರನೆಯದಕ್ಕೆ ಬಹುಮಟ್ಟಿಗೆ 288 ಪಿನ್ನಿನ ಡಿಡಿಆರ್4. ಒಂದರಲ್ಲಿ ಇನ್ನೊಂದು ಕೂರುವುದೇ ಇಲ್ಲ, ಒತ್ತಿ ಕೂರಿಸಲು ಹೋಗಬೇಡಿ. ಎಚ್81 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಎರಡೇ ಸ್ಲಾಟ್, ಒಟ್ಟು ಮಿತಿ 16 ಜಿಬಿ. ಸರ್ವರುಗಳಿಂದ ಕಳಚಿದ ‘ರಿಜಿಸ್ಟರ್ಡ್ ಇಸಿಸಿ’ ಕಡ್ಡಿಗಳು ಅಗ್ಗವಾಗಿ ಸಿಗುತ್ತವೆ. ಈ ಡೆಸ್ಕ್‌ಟಾಪುಗಳಲ್ಲಿ ಅವು ಓಡುವುದಿಲ್ಲ. ಅಂತರ್ಜಾಲದಲ್ಲಿ ‘ಎಎಂಡಿಗೆ ಮಾತ್ರ’ ಎಂದು ಸಣ್ಣಕ್ಷರದಲ್ಲಿ ಬರೆದ ಡಿಡಿಆರ್3 ಕಡ್ಡಿಗಳೂ ಹಾಗೆಯೇ, ಇಂಟೆಲ್ ಬೋರ್ಡಿಗೆ ಬೇಡ. ಆಫೀಸ್ ಯಂತ್ರಗಳಿಂದ ಬಿಚ್ಚಿದ ಹಳೆಯ ಸ್ಯಾಮ್‌ಸಂಗ್, ಹೈನಿಕ್ಸ್ ಕಡ್ಡಿಗಳು ಹೊಳೆಯುವ ಹೊಸ ಹೆಸರುಗಳಿಗಿಂತ ನಂಬಿಕಸ್ಥ ಎಂಬುದು ನನ್ನ ಅಭಿಪ್ರಾಯ.

‘ರ‍್ಯಾಮ್ ಹೇಗೂ ಅಗ್ಗ, ಮೊದಲು ಅದನ್ನೇ ಹಾಕಿ ನೋಡಿ’ ಎಂಬ ಹಳೆಯ ಬುದ್ಧಿವಾದ ಈಗ ನಡೆಯುವುದಿಲ್ಲ. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ವಿಪರೀತ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಆದ್ದರಿಂದ ಊಹೆಯ ಮೇಲೆ ರ‍್ಯಾಮ್ ಕೊಳ್ಳುವ ಕಾಲ ಇದಲ್ಲ.

ಕಾರ್ಡ್ ಎಂದು ತೀರ್ಮಾನವಾದರೆ, ಮೊದಲು ಎಸ್‌ಎಂಪಿಎಸ್ ನೋಡಿ

ಯಾವ ಕಾರ್ಡು ಎಂಬುದನ್ನು ನಿರ್ಧರಿಸುವುದು ನಿಮ್ಮ ಆಸೆಯಲ್ಲ, ಕ್ಯಾಬಿನೆಟ್ಟಿನೊಳಗಿನ ಎಸ್‌ಎಂಪಿಎಸ್, ಅಂದರೆ ಯಂತ್ರದ ಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ. ಯಂತ್ರದ ವೈರ್ ಕಿತ್ತು, ಪಕ್ಕದ ತಗಡು ಬಿಚ್ಚಿ, ಅದರ ಮೈಮೇಲಿನ ಚೀಟಿ ಓದಿ. ದೊಡ್ಡಕ್ಷರದ ‘450 ವ್ಯಾಟ್’ ಅನ್ನು ನಂಬಬೇಡಿ. +12ವಿ ಎಂಬ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ಎಂದು ನೋಡಿ 12ರಿಂದ ಗುಣಿಸಿ. 18 ಆಂಪಿಯರ್ ಇದ್ದರೆ ಕೈಗೆ ಸಿಗುವುದು 216 ವ್ಯಾಟ್ ಮಾತ್ರ. ಪ್ರೊಸೆಸರ್ ಮತ್ತು ಕಾರ್ಡು ಎರಡೂ ಊಟ ಮಾಡುವುದು ಈ ಸಾಲಿನಿಂದಲೇ. ಅಗ್ಗದ ಕ್ಯಾಬಿನೆಟ್ಟಿನ ಜೊತೆ ಉಚಿತವಾಗಿ ಬಂದ ಎಸ್‌ಎಂಪಿಎಸ್‌ಗಳಲ್ಲಿ ಈ ವ್ಯತ್ಯಾಸ ನಾಚಿಕೆಗೇಡು. ಕಂಪನಿ ಯಂತ್ರಗಳಲ್ಲಿ ಚೀಟಿ ಪ್ರಾಮಾಣಿಕ, ಆದರೆ ಸಂಖ್ಯೆಯೇ ಸಣ್ಣದು: ಆಪ್ಟಿಪ್ಲೆಕ್ಸ್ 9020ರ ಮಿನಿ ಟವರಿನಲ್ಲಿ 290 ವ್ಯಾಟ್, ಸಣ್ಣ ಪೆಟ್ಟಿಗೆಯಲ್ಲಿ 255. ಬದಲಾಯಿಸೋಣ ಎಂದರೆ ಆ ಡೆಲ್ ಬೋರ್ಡಿಗೆ ಎಲ್ಲೆಡೆ ಇರುವ 24 ಪಿನ್ನಿನ ಬದಲು 8 ಪಿನ್ನಿನ ಕನೆಕ್ಟರ್. ಸಾಮಾನ್ಯ ಎಸ್‌ಎಂಪಿಎಸ್ ಕೂರಿಸಲು ಪರಿವರ್ತಕ ವೈರ್ ಬೇಕು.

ಹೀಗಾಗಿ ಇಂಥ ಯಂತ್ರಗಳಿಗೆ ಹೊಂದುವುದು ಸ್ಲಾಟಿನಿಂದಲೇ ವಿದ್ಯುತ್ ಪಡೆಯುವ, 75 ವ್ಯಾಟ್ ಮೀರದ ಕಾರ್ಡುಗಳು. 2019ರ ಜಿಟಿಎಕ್ಸ್ 1650 ಇವುಗಳಲ್ಲಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ರಾಜ. ಆದರೆ ಕೆಲವು ತಯಾರಕರು ಅದಕ್ಕೂ 6 ಪಿನ್ನಿನ ಕನೆಕ್ಟರ್ ಇಟ್ಟಿದ್ದಾರೆ, ಕೊಳ್ಳುವ ಮುನ್ನ ಅಂಚು ನೋಡಿ. ಹೊಸದೇ ಬೇಕೆಂದರೆ 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ. 70 ವ್ಯಾಟ್ ತಿನ್ನುತ್ತದೆ, ಇಂದಿನ ಟೆಕ್ಸ್ಚರುಗಳಿಗೆ 1650ರ 4 ಜಿಬಿಗಿಂತ ಹೆಚ್ಚಿನ ಆ 2 ಜಿಬಿ ತುಂಬಾ ಉಪಕಾರಿ. ಎಎಂಡಿಯ ಆರ್‌ಎಕ್ಸ್ 6400 ಕೇವಲ 53 ವ್ಯಾಟ್, ಪುಟ್ಟ ಪೆಟ್ಟಿಗೆಗೆ ಹೇಳಿ ಮಾಡಿಸಿದಂತಿದೆ. ಆದರೂ ನಾನು ಹಳೆಯ ಯಂತ್ರಕ್ಕೆ ಅದನ್ನು ಹೇಳುವುದಿಲ್ಲ. ಅದು ಬಳಸುವುದು ನಾಲ್ಕೇ ಪಿಸಿಐಇ ದಾರಿಗಳನ್ನು, 4.0 ಸ್ಲಾಟಿನಲ್ಲಿ ಪರವಾಗಿಲ್ಲ, ನಿಮ್ಮ ಯಂತ್ರದ 3.0ರಲ್ಲಿ ದಾರಿ ಸೆಕೆಂಡಿಗೆ ಸುಮಾರು 4 ಜಿಬಿಗೆ ಕಿರಿದಾಗುತ್ತದೆ. 4 ಜಿಬಿ ವಿ-ರ‍್ಯಾಮ್ ಉಕ್ಕಿದ ಕ್ಷಣವೇ ಮುಗ್ಗರಿಕೆ. ಇಂಟೆಲ್ ಆರ್ಕ್ ಕಾರ್ಡುಗಳು ‘ರಿಸೈಜಬಲ್ ಬಾರ್’ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರಿಗೆ ಒಮ್ಮೆಗೇ ತೆರೆದುಕೊಡುವ ಸೌಲಭ್ಯ) ಇಲ್ಲದೆ ಸೊರಗುತ್ತವೆ. ನಾಲ್ಕನೆಯ ತಲೆಮಾರಿನ ಕಂಪನಿ ಬೋರ್ಡುಗಳಲ್ಲಿ ಅದನ್ನು ನಿರೀಕ್ಷಿಸಬೇಡಿ.

ಒಳ್ಳೆಯ ಎಸ್‌ಎಂಪಿಎಸ್ ಇದ್ದವರು ಜಿಟಿಎಕ್ಸ್ 1660 ಸೂಪರ್ ನೋಡಬಹುದು: 6 ಜಿಬಿ, 125 ವ್ಯಾಟ್. ಆರ್‌ಎಕ್ಸ್ 580 ಇನ್ನೂ ಅಗ್ಗ, 8 ಜಿಬಿಯದೂ ಸಿಗುತ್ತದೆ, ಆದರೆ 185 ವ್ಯಾಟ್ ಕುಡಿಯುತ್ತದೆ; ‘2048ಎಸ್‌ಪಿ’ ಎಂದು ಬರೆದದ್ದು ಹೆಸರಿಗೆ ಮಾತ್ರ 580, ಒಳಗಿರುವುದು 570ರಷ್ಟೇ ಕೋರುಗಳು. ಹಾರ್ಡ್ ಡಿಸ್ಕಿನ ನಾಲ್ಕು ಪಿನ್ನಿನ ವೈರಿನಿಂದ ಕಾರ್ಡಿಗೆ ಕರೆಂಟ್ ಕೊಡುವ ಅಗ್ಗದ ಪರಿವರ್ತಕಗಳ ಗೋಜಿಗೆ ಹೋಗಬೇಡಿ, ಕರಗಿದ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆ. ಮನೆಯ ಯುಪಿಎಸ್ ಕೂಡ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್; ದೊಡ್ಡ ಕಾರ್ಡು, ಮಾನಿಟರು ಎಲ್ಲ ಸೇರಿ ಆಡುತ್ತಿರುವಾಗ ಕರೆಂಟ್ ಹೋದರೆ ಅದು ಒಮ್ಮೆ ಕಿರುಚಿ ಕೈಚೆಲ್ಲುತ್ತದೆ.

ಇನ್ನು ಅಳತೆಪಟ್ಟಿ ಹಿಡಿದು ಒಳಗಿನ ಜಾಗ ನೋಡಿ. ಸಣ್ಣ ಪೆಟ್ಟಿಗೆಗಳಿಗೆ ‘ಲೋ ಪ್ರೊಫೈಲ್’ ಕಾರ್ಡು, ಕ್ಯಾಬಿನೆಟ್ಟಿಗೆ ಬಿಗಿಯುವ ಅದರ ಗಿಡ್ಡ ಲೋಹದ ಪಟ್ಟಿಯ ಸಮೇತ, ಬೇಕು. ಪಟ್ಟಿ ಇಲ್ಲದ ಕಾರ್ಡು ಅರ್ಧ ಬೆಲೆಗೆ ಸಿಕ್ಕರೂ ಪಟ್ಟಿ ಹುಡುಕುವುದೇ ಒಂದು ತಪಸ್ಸು. ಯಂತ್ರದ ತಯಾರಕರ ತಾಣದಲ್ಲಿರುವ ಕೊನೆಯ ಬಯಾಸ್ (ಯಂತ್ರ ಆನ್ ಆದೊಡನೆ ಓಡುವ ಮೂಲ ತಂತ್ರಾಂಶ) ಅಪ್‌ಡೇಟ್ ಅನ್ನು ಕಾರ್ಡ್ ತರುವ ಮೊದಲೇ ಹಾಕಿಕೊಳ್ಳಿ.

ಹಳೆಯ ಕಾರ್ಡು ಕೊಳ್ಳುವವರು ಡ್ರೈವರಿನ ಆಯುಸ್ಸನ್ನೂ ಗಮನಿಸಬೇಕು. 750 ಟಿಐ, 900 ಮತ್ತು 1000 ಸರಣಿಯ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ನೀಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ಮುಗಿಸಿದೆ. 2028ರ ಅಕ್ಟೋಬರಿನವರೆಗೆ ಸಿಗುವುದು ಭದ್ರತಾ ತಿದ್ದುಪಡಿ ಮಾತ್ರ. 1650 ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಇಂದು 1050 ಟಿಐಗೆ ದುಡ್ಡು ಕೊಡುವುದು, ಅದು ಎಷ್ಟೇ ಅಗ್ಗವಿರಲಿ, ನನಗೆ ಸರಿಕಾಣದು. ಅಂಗಡಿಯಲ್ಲೇ ಕಾರ್ಡನ್ನು ಯಂತ್ರಕ್ಕೆ ಹಾಕಿಸಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆಸಿ. ಹಳೆಯ ಜಿಟಿಎಸ್ 450ರಂಥ ಚಿಪ್ಪಿಗೆ ಹೊಸ ಹೆಸರಿನ ಬಯಾಸ್ ತುಂಬಿ ಮಾರುವ ದಂಧೆ ಇದೆ. ಅಂಥದ್ದನ್ನು ಆ ತಂತ್ರಾಂಶ ‘ಫೇಕ್’ ಎಂದು ತೋರಿಸಿಬಿಡುತ್ತದೆ. ಜೊತೆಗೆ ಹತ್ತು ನಿಮಿಷ, ಕಾರ್ಡನ್ನು ಪೂರ್ತಿ ದುಡಿಸುವ ಫರ್‌ಮಾರ್ಕ್ ಓಡಿಸಿ, ಪರದೆಯಲ್ಲಿ ಬಣ್ಣದ ಚುಕ್ಕೆಗಳು ಬರುತ್ತವೆಯೇ, ಫ್ಯಾನ್ ಕರಕರ ಎನ್ನುತ್ತದೆಯೇ ನೋಡಿ. ‘ಕ್ಯೂನಲ್ಲಿ ಗಿರಾಕಿ ಇದ್ದಾರೆ’ ಎನ್ನುವ ಅಂಗಡಿಯಿಂದ ಹೊರಡಿ.

ಎರಡೂ ಅಲ್ಲದಿದ್ದರೆ

ನಾಲ್ಕೂ ಕೋರು ದಣಿದಿದ್ದರೆ ನಾಲ್ಕನೆಯ ತಲೆಮಾರಿನವರಿಗೆ ಅದೇ ಸಾಕೆಟ್ಟಿನ ಐ7-4770 ಅಥವಾ 4790 ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಕೋರು ನಾಲ್ಕೇ ಆದರೂ ಥ್ರೆಡ್, ಅಂದರೆ ಒಮ್ಮೆಗೇ ಹಿಡಿಯುವ ಕೆಲಸದ ಸಾಲು, ಎಂಟು. ಆಟ ಇನ್ನೂ ಹಾರ್ಡ್ ಡಿಸ್ಕಿನಲ್ಲಿದ್ದರೆ ಸಾಟಾ ಎಸ್‌ಎಸ್‌ಡಿ ಮೊದಲು. ಪ್ರೊಸೆಸರ್ 95 ಡಿಗ್ರಿ ತೋರಿಸುತ್ತಿದ್ದರೆ ಧೂಳು ಊದಿ ಥರ್ಮಲ್ ಪೇಸ್ಟ್ ಬದಲಾಯಿಸಿ.

ಇನ್ನೊಂದು ಕಹಿ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು, ಇಂಟೆಲ್‌ನಲ್ಲಿ ಬಹುತೇಕ, ಎಂಟನೆಯ ತಲೆಮಾರು. ಅಡ್ಡದಾರಿಯಲ್ಲಿ 11 ಹಾಕಿಕೊಂಡರೂ ‘ವ್ಯಾಲರಂಟ್’ನಂಥ ಆಟ ಅದರ ಮೇಲೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಇಲ್ಲದೆ ತೆರೆಯುವುದಿಲ್ಲ. ಆದ್ದರಿಂದ ನಾಲ್ಕನೆಯ ತಲೆಮಾರಿನ ಯಂತ್ರದಲ್ಲಿ ಡಿಡಿಆರ್3ಗೆ ಹಾಕುವ ಪ್ರತಿ ರೂಪಾಯಿಯೂ ಆ ಯಂತ್ರದೊಂದಿಗೇ ಹೋಗುತ್ತದೆ. ಕಾರ್ಡನ್ನಾದರೆ ಮುಂದಿನ ಯಂತ್ರಕ್ಕೆ ಒಯ್ಯಬಹುದು. ಅಳತೆಯಲ್ಲಿ ಎರಡೂ ಸಮನಾಗಿ ಕಂಡರೆ ನಾನು ಕಾರ್ಡಿನ ಕಡೆಗೆ ವಾಲುವುದು ಈ ಕಾರಣಕ್ಕೆ.

ಹಾಕಿಸಿದ ಮೇಲೆ

ರ‍್ಯಾಮ್ ಹಾಕಿಸಿದರೆ ಆ ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಲು ಬಿಟ್ಟು ಮಲಗಿ. ಒಂದೇ ಒಂದು ದೋಷ ಬಂದರೂ ಕಡ್ಡಿಯನ್ನು ಹಿಂತಿರುಗಿಸಿ. ಯಂತ್ರ ಆನ್ ಆಗದೆ ಬೀಪ್ ಎಂದರೆ ಕಡ್ಡಿಯ ಬಂಗಾರದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಕೊಡವಿ ಮತ್ತೆ ಕೂರಿಸಿ. ಅಂಗಡಿಗಳಲ್ಲಿ ಮಾಡುವುದೂ ಇದನ್ನೇ. ಕಾರ್ಡ್ ಬದಲಾಯಿಸಿದರೆ ಹಳೆಯ ಡ್ರೈವರನ್ನು ಡಿಡಿಯು ತಂತ್ರಾಂಶದಿಂದ ಪೂರ್ತಿ ತೆಗೆದು ಹೊಸದನ್ನು ಹಾಕಿ. ಮಾನಿಟರಿನ ವೈರ್ ಹೊಸ ಕಾರ್ಡಿಗೇ ಸಿಕ್ಕಿಸಿದ್ದೀರಾ, ಮದರ್‌ಬೋರ್ಡಿನ ತೂತಿಗಲ್ಲವಷ್ಟೇ, ಎಂದು ಒಮ್ಮೆ ಬಗ್ಗಿ ನೋಡಿ. ಆಮೇಲೆ ಅದೇ ಆಟ, ಅದೇ ಸೆಟ್ಟಿಂಗ್, ಅದೇ ಜಾಗದಲ್ಲಿ ಅಳತೆ ಮತ್ತೊಮ್ಮೆ ಆಗಲಿ. ಅಂಗಡಿಯವರು ಕೊಟ್ಟ ಬದಲಿ ಅವಧಿಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಂಡಿರಿ. ಅದು ಮುಗಿಯುವವರೆಗೆ ಹಳೆಯ ಕಾರ್ಡನ್ನು ಮಾರಬೇಡಿ.